ದಪ್ಪ ಪುಸ್ತಕಕ್ಕೆ ಮೊದಲೇ ಕೈ ಹಾಕಬೇಡ

ಪುಟ್ಟೀ,

ಸ್ಟೀಫನ್ ಕಿಂಗ್‌ನ ಪುಸ್ತಕಗಳನ್ನು ಓದಬೇಕು, ಎಲ್ಲಿಂದ ಶುರು ಮಾಡಲಿ ದೊಡ್ಡಪ್ಪ ಅಂತ ಕೇಳಿದ್ದೀಯ. ನಿನ್ನ ಕಣ್ಣು ಆಗಲೇ ‘ಇಟ್’ ಮೇಲೆ ಬಿದ್ದಿದೆ ಅಂತಲೂ ನನಗೆ ಗೊತ್ತು. ಸಿನಿಮಾದಲ್ಲಿ ಕೆಂಪು ಬಲೂನು ಹಿಡಿದ ಆ ಕೋಡಂಗಿಯನ್ನು ಕಂಡವರೆಲ್ಲ ಮೊದಲು ಕೇಳುವುದು ಅದನ್ನೇ. ನನ್ನ ಮಾತು ಕೇಳುವುದಾದರೆ ಅದನ್ನು ಈಗ ಮುಟ್ಟಬೇಡ. ಸಾವಿರದ ನೂರು ಪುಟ ದಾಟುವ ಪುಸ್ತಕ ಅದು. ಇನ್ನೂರು ಪುಟ ಓದಿ ಸುಸ್ತಾಗಿ ಕೆಳಗಿಟ್ಟು, ಕಿಂಗ್ ನಮಗೆ ಒಗ್ಗುವುದಿಲ್ಲ ಅಂತ ತೀರ್ಮಾನ ಮಾಡಿಬಿಟ್ಟ ಒಳ್ಳೊಳ್ಳೆ ಓದುಗರನ್ನು ನೋಡಿದ್ದೇನೆ. ಅವರು ಬೇರೆ ಪುಸ್ತಕದಿಂದ ಶುರು ಮಾಡಿದ್ದರೆ ಇಷ್ಟು ಹೊತ್ತಿಗೆ ಹತ್ತು ಪುಸ್ತಕ ಮುಗಿಸಿರುತ್ತಿದ್ದರು.

ಕಿಂಗ್ ಹುಟ್ಟಿದ್ದು 1947ರಲ್ಲಿ, ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ಮೊದಲ ಕಾದಂಬರಿ ‘ಕ್ಯಾರಿ’ ಬಂದದ್ದು 1974ರಲ್ಲಿ. ಅಲ್ಲಿಂದೀಚೆಗೆ 60ಕ್ಕೂ ಹೆಚ್ಚು ಕಾದಂಬರಿಗಳು, 200ರಷ್ಟು ಸಣ್ಣಕತೆಗಳು. ಇಷ್ಟನ್ನೂ ಓದಬೇಕಾಗಿಲ್ಲ, ಬಂದ ವರ್ಷದ ಕ್ರಮದಲ್ಲೇ ಓದಬೇಕೆಂಬ ನಿಯಮವೂ ಇಲ್ಲ. ಒಂದು ಸಂಗತಿ ಮಾತ್ರ ಮೊದಲೇ ತಿಳಿದಿರಲಿ. ಆ ಒಂದೇ ಹೆಸರಿನಡಿ ಬಗೆಬಗೆಯ ಪುಸ್ತಕಗಳಿವೆ. ದೆವ್ವ-ಪಿಶಾಚಿಗಳ ಕತೆ ಒಂದು ಬಗೆ. ದೆವ್ವದ ಸೋಂಕೇ ಇಲ್ಲದೆ ಮನುಷ್ಯನ ಕ್ರೌರ್ಯವನ್ನು ಹೇಳುವುದು ಇನ್ನೊಂದು. ಪತ್ತೇದಾರಿ ಇದೆ, ಬೇರೆಯದೇ ಲೋಕದಲ್ಲಿ ನಡೆಯುವ ಅದ್ಭುತ ಕತೆಯಿದೆ, ಎಳೆಯರ ಗೆಳೆತನದ ಕತೆಯಿದೆ. ಯಾವುದೋ ಒಂದನ್ನು ಎತ್ತಿಕೊಂಡು ಇದೇ ಕಿಂಗ್ ಅಂದುಕೊಂಡರೆ ಆತನಿಗೂ ಅನ್ಯಾಯ, ನಿನಗೂ ನಷ್ಟ.

ಮೊದಲು ‘ನೈಟ್ ಶಿಫ್ಟ್’ ತೆಗೆದುಕೋ. 1978ರಲ್ಲಿ ಬಂದ ಸಣ್ಣಕತೆಗಳ ಸಂಕಲನ. ಒಂದು ಕತೆ ಒಂದೇ ಸಲ ಕೂತರೆ ಮುಗಿಯುತ್ತದೆ, ಹಿಡಿಸದಿದ್ದರೆ ಮುಂದಿನದಕ್ಕೆ ಹೋಗಬಹುದು. ಇವುಗಳಲ್ಲಿ ಬಹುಪಾಲು ಆತ ಕಷ್ಟದಲ್ಲಿದ್ದಾಗ ಬರೆದ ಕತೆಗಳು. ಕಾಲೇಜು ಮುಗಿಸಿದ್ದರೂ ಮೇಷ್ಟರ ಕೆಲಸ ಸಿಕ್ಕಿರಲಿಲ್ಲ, ಮದುವೆಯಾಗಿತ್ತು, ಮಕ್ಕಳಾಗಿದ್ದವು. ದೊಡ್ಡ ಲಾಂಡ್ರಿಯೊಂದರಲ್ಲಿ ಕೂಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯ ರಕ್ತದ ಕಲೆಯ ಹಾಸಿಗೆ ಬಟ್ಟೆಗಳು, ಸಮುದ್ರತೀರದ ಹೋಟೆಲುಗಳಿಂದ ಹುಳ ಹಿಡಿದು ಬರುತ್ತಿದ್ದ ಮೇಜುಬಟ್ಟೆಗಳು, ಇವನ್ನೆಲ್ಲ ಒಗೆಯುವ ಯಂತ್ರಕ್ಕೆ ತುಂಬುವುದು ಆತನ ದಿನದ ಕೆಲಸ. ಈ ಸಂಕಲನದಲ್ಲಿ ‘ದಿ ಮ್ಯಾಂಗ್ಲರ್’ ಎನ್ನುವ ಕತೆಯಿದೆ. ಲಾಂಡ್ರಿಯಲ್ಲಿ ಬಟ್ಟೆಯನ್ನು ಒತ್ತಿ ಮಡಿಸುವ ಭಾರಿ ಯಂತ್ರವೊಂದಕ್ಕೆ ಮನುಷ್ಯರ ರುಚಿ ಹತ್ತುವ ಕತೆ. ಅದಕ್ಕೂ ಮೊದಲು, ಹೈಸ್ಕೂಲು ಮುಗಿಸಿದ ಹೊಸದರಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದಿದ್ದ. ಗಿರಣಿಯ ನೆಲಮಾಳಿಗೆಯಲ್ಲಿ ಬೆಕ್ಕಿನಷ್ಟು ದೊಡ್ಡ ಇಲಿಗಳಿವೆ ಅಂತ ಜೊತೆಯವರು ಹೇಳಿದ್ದ ಮಾತು ‘ಗ್ರೇವ್‌ಯಾರ್ಡ್ ಶಿಫ್ಟ್’ ಆಯಿತು. ಕಿಂಗ್‌ನ ಭಯ ಹುಟ್ಟುವುದು ಇಂಥ ಕಡೆ. ಹಾಳುಬಿದ್ದ ಕೋಟೆ, ಬೆಳದಿಂಗಳ ಸ್ಮಶಾನ ಅಂತ ಹುಡುಕಿಕೊಂಡು ಆತ ಹೋಗುವುದಿಲ್ಲ. ದುಡಿಯುವ ಜಾಗ, ಮಲಗುವ ಕೋಣೆ, ಮಕ್ಕಳ ಬೀರು, ಇಷ್ಟು ಸಾಕು ಆತನಿಗೆ.

ಓದುವಾಗ ಒಂದು ಕೆಲಸ ಮಾಡು. ಸಂಕಲನದ ಮೊದಲ ಕತೆ ‘ಜೆರೂಸಲೆಮ್ಸ್ ಲಾಟ್’. ಹತ್ತೊಂಬತ್ತನೇ ಶತಮಾನದ ಹಳೇ ಶೈಲಿಯ ಪತ್ರಗಳಲ್ಲಿ ಸಾಗುವ ಕತೆ ಅದು. ಆ ಇಂಗ್ಲಿಷ್ ಹೊಸಬರಿಗೆ ತೊಡಕು, ಕಿಂಗ್‌ನ ಸಹಜ ದನಿಯೂ ಅದಲ್ಲ. ಅದನ್ನು ಕೊನೆಗೆ ಇಟ್ಟುಕೋ. ‘ದಿ ಬೂಗಿಮ್ಯಾನ್’ ಓದು. ಮನೋವೈದ್ಯನ ಮುಂದೆ ಮಲಗಿಕೊಂಡು ತನ್ನ ಮಕ್ಕಳ ಸಾವನ್ನು ಹೇಳುತ್ತಾ ಹೋಗುವ ಅಪ್ಪನ ಕತೆ. ‘ಕ್ವಿಟರ್ಸ್ ಇಂಕ್’ ಓದು. ಸಿಗರೇಟು ಬಿಡಿಸುವ ಕಂಪನಿಯೊಂದು ತನ್ನ ಗಿರಾಕಿ ಕದ್ದು ಸೇದಿದರೆ ಅವನ ಹೆಂಡತಿಗೆ ಶಿಕ್ಷೆ ಕೊಡುತ್ತದೆ. ಅನುರಾಗ್ ಕಶ್ಯಪ್‌ನ 2007ರ ಹಿಂದಿ ಚಿತ್ರ ‘ನೋ ಸ್ಮೋಕಿಂಗ್’ಗೆ ಮೂಲ ಎಳೆ ಸಿಕ್ಕಿದ್ದು ಈ ಕತೆಯಿಂದಲೇ.

ಆಮೇಲೆ ‘ದಿ ಲಾಸ್ಟ್ ರಂಗ್ ಆನ್ ದಿ ಲ್ಯಾಡರ್’. ಇದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ. ಹಳ್ಳಿಯ ಮನೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಪ್ಪ-ಅಮ್ಮ ಮನೆಯಲ್ಲಿಲ್ಲದಾಗ ಕೊಟ್ಟಿಗೆಯ ಎತ್ತರದ ಹಳೇ ಏಣಿ ಹತ್ತಿ ಮೇಲಿನ ಅಡ್ಡತೊಲೆಯಿಂದ ಹುಲ್ಲಿನ ರಾಶಿಗೆ ಹಾರುವುದು ಅವರ ಆಟ. ಒಂದು ಸಲ ತಂಗಿ ಮೇಲಿರುವಾಗಲೇ ಏಣಿ ಮುರಿಯುತ್ತದೆ. ಅವಳು ಕೊನೆಯ ಮೆಟ್ಟಿಲಿಗೆ ಜೋತುಬಿದ್ದಿದ್ದಾಳೆ. ಅಣ್ಣ ಕೆಳಗೆ ಹುಲ್ಲನ್ನು ತಂದು ತಂದು ಸುರಿಯುತ್ತಾನೆ. ಅವನು ಏನು ಮಾಡುತ್ತಿದ್ದಾನೆ ಅಂತ ಅವಳಿಗೆ ಕಾಣಿಸುವುದಿಲ್ಲ, ಆದರೂ ಅಣ್ಣ ಹೇಳಿದ ಅಂತ ಕೈಬಿಡುತ್ತಾಳೆ. ಮುಂದೆ ದೊಡ್ಡವರಾದ ಮೇಲೆ ಏನಾಯಿತು ಅನ್ನುವುದನ್ನು ನಾನು ಹೇಳುವುದಿಲ್ಲ, ನೀನೇ ಓದು. ಈ ಕತೆ ನಿನ್ನನ್ನು ಅಲುಗಾಡಿಸಿದರೆ ಕಿಂಗ್ ನಿನ್ನ ಲೇಖಕ. ದೆವ್ವ ಕಟ್ಟುವ ಕೈಗಿಂತ ಅಣ್ಣ-ತಂಗಿಯನ್ನು ಕಟ್ಟುವ ಕೈ ಆತನದು ದೊಡ್ಡದು. ಮನುಷ್ಯರು ನಮಗೆ ಹತ್ತಿರವಾದ ಮೇಲೆ ತಾನೇ ಅವರಿಗೇನಾಗುತ್ತದೋ ಅನ್ನುವ ಹೆದರಿಕೆ ಹುಟ್ಟುವುದು?

ಎರಡನೆಯದಾಗಿ ‘ಮಿಸರಿ’, 1987ರ ಕಾದಂಬರಿ. ಹೆಚ್ಚುಕಡಿಮೆ ಎರಡೇ ಪಾತ್ರ, ಒಂದೇ ಮನೆ. ಪಾಲ್ ಶೆಲ್ಡನ್ ಎಂಬ ಜನಪ್ರಿಯ ಕಾದಂಬರಿಕಾರ ಕೊಲರಾಡೊದ ಹಿಮಪಾತದಲ್ಲಿ ಕಾರು ಉರುಳಿ ಎರಡೂ ಕಾಲು ಮುರಿದುಕೊಳ್ಳುತ್ತಾನೆ. ಅವನನ್ನು ಎತ್ತಿ ತಂದು ಮನೆಯಲ್ಲಿಟ್ಟು ಆರೈಕೆ ಮಾಡುವವಳು ಆನಿ ವಿಲ್ಕ್ಸ್, ಹಿಂದೆ ನರ್ಸ್ ಆಗಿದ್ದವಳು, ಅವನ ಪರಮ ಅಭಿಮಾನಿ. ತನಗಿಷ್ಟವಾದ ನಾಯಕಿಯನ್ನು ಅವನು ಕಾದಂಬರಿಯಲ್ಲಿ ಸಾಯಿಸಿದ್ದಾನೆ ಅಂತ ಗೊತ್ತಾದಾಗ ಅವಳ ನಿಜರೂಪ ಹೊರಬೀಳುತ್ತದೆ. ನಾಯಕಿಯನ್ನು ಬದುಕಿಸಿ ಮತ್ತೆ ಬರೆ ಅಂತ ಹಟ ಹಿಡಿದು ಒಂದು ಹಳೇ ಟೈಪ್‌ರೈಟರ್ ತಂದುಕೊಡುತ್ತಾಳೆ. ಅದರಲ್ಲಿ ‘ಎನ್’ ಅಕ್ಷರವೇ ಇಲ್ಲ. ಅವನು ಬರೆಯುವ ಪುಟಗಳೂ ಪುಸ್ತಕದಲ್ಲಿ ಹಾಗೆಯೇ ಅಚ್ಚಾಗಿವೆ, ‘ಎನ್’ ಬರುವ ಜಾಗದಲ್ಲೆಲ್ಲ ಕೈಯಿಂದ ತಿದ್ದಿ ತುಂಬಿದ ಹಾಗೆ. ಹೋಗುತ್ತಾ ಹೋಗುತ್ತಾ ಇನ್ನೂ ಎರಡು ಅಕ್ಷರ ಉದುರುತ್ತವೆ. ಅದರಲ್ಲಿ ಒಂದು ‘ಇ’, ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಅಕ್ಷರ. ಒಬ್ಬ ಬರಹಗಾರ ಕುಗ್ಗುತ್ತಾ ಹೋಗುವುದನ್ನು ಪುಟದ ಮೇಲೆ ಕಣ್ಣಿಗೇ ಕಾಣಿಸುವಂತೆ ಮಾಡಿದ ಜಾಣ್ಮೆ ಇದು. ಆ ವರ್ಷಗಳಲ್ಲಿ ಕಿಂಗ್ ಕುಡಿತ ಮತ್ತು ಕೊಕೇನಿನ ಹಿಡಿತದಲ್ಲಿದ್ದ. ಆನಿ ಬೇರೆ ಯಾರೂ ಅಲ್ಲ, ತನ್ನನ್ನು ಹಿಡಿದಿಟ್ಟಿದ್ದ ಆ ಚಟವೇ ಅಂತ ಮುಂದೆ ಆತ ತಾನಾಗಿ ಹೇಳಿದ. ಇದನ್ನು ತಿಳಿದು ಓದಿದರೆ ಪುಸ್ತಕ ಇನ್ನಷ್ಟು ಆಳವಾಗುತ್ತದೆ. ಹಿಂಸೆಯ ಒಂದೆರಡು ಜಾಗ ತೀರಾ ಕಠಿಣವಾಗಿವೆ, ಊಟದ ಹೊತ್ತಿನಲ್ಲಿ ಓದಬೇಡ.

ದೆವ್ವವೂ ಬೇಡ, ಹಿಂಸೆಯೂ ಬೇಡ, ಆದರೂ ಈ ಮನುಷ್ಯನನ್ನು ಓದಬೇಕು ಅನ್ನಿಸಿದರೆ 1982ರ ‘ಡಿಫರೆಂಟ್ ಸೀಸನ್ಸ್’ ಇದೆ. ನಾಲ್ಕು ನೀಳ್ಗತೆಗಳು. ಮೊದಲನೆಯದೇ ‘ದಿ ಶಾಶಾಂಕ್ ರಿಡೆಂಪ್ಶನ್’ ಸಿನಿಮಾದ ಮೂಲ. ನಿನ್ನ ಸ್ನೇಹಿತರಲ್ಲಿ ಎಷ್ಟೋ ಜನ ಆ ಚಿತ್ರವನ್ನು ಮತ್ತೆ ಮತ್ತೆ ನೋಡಿರುತ್ತಾರೆ, ಅದು ಕಿಂಗ್‌ನ ಕತೆ ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಇನ್ನೊಂದು ‘ದಿ ಬಾಡಿ’. ಹನ್ನೆರಡರ ಆಸುಪಾಸಿನ ನಾಲ್ವರು ಹುಡುಗರು ರೈಲು ಹಳಿ ಹಿಡಿದು, ಕಾಡಿನಲ್ಲಿ ಬಿದ್ದಿರುವ ಒಬ್ಬ ಹುಡುಗನ ಹೆಣ ನೋಡಲು ನಡೆದುಹೋಗುತ್ತಾರೆ. ಹೆಣ ನೆಪ ಅಷ್ಟೇ, ಕತೆಯಿರುವುದು ಆ ನಡಿಗೆಯಲ್ಲಿ. ‘ಆಪ್ಟ್ ಪ್ಯೂಪಿಲ್’ ಅನ್ನುವುದನ್ನು ಮಾತ್ರ ಸದ್ಯ ಬಿಡು. ತಲೆಮರೆಸಿಕೊಂಡ ಮುದಿ ನಾಜಿಯೊಬ್ಬನನ್ನು ಪತ್ತೆಹಚ್ಚಿ, ಅವನ ಬಾಯಿಂದ ಹಿಂಸೆಯ ವಿವರ ಕೇಳಿ ಸುಖಪಡುವ ಹುಡುಗನ ಕತೆ. ಬರವಣಿಗೆ ಗಟ್ಟಿಯಾಗಿದೆ, ಓದಿದ ಮೇಲೆ ಮನಸ್ಸು ಮಾತ್ರ ಬಹಳ ದಿನ ಕಹಿಯಾಗಿರುತ್ತದೆ.

ಇಷ್ಟಾದ ಮೇಲೆ ದೊಡ್ಡ ಭಯಕ್ಕೆ ಕೈಹಾಕು. ‘ದಿ ಶೈನಿಂಗ್’, 1977. ಕಿಂಗ್ ದಂಪತಿ 1974ರಲ್ಲಿ ಕೊಲರಾಡೊದ ಎಸ್ಟೆಸ್ ಪಾರ್ಕ್‌ನ ಸ್ಟ್ಯಾನ್ಲಿ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ್ದರು. ಚಳಿಗಾಲಕ್ಕೆ ಬಾಗಿಲು ಹಾಕುವ ಹೊತ್ತು, ಬೇರೆ ಅತಿಥಿಗಳೇ ಇರಲಿಲ್ಲ. ಆ ಖಾಲಿ ಮೊಗಸಾಲೆಗಳಲ್ಲಿ ಹುಟ್ಟಿದ ಕಾದಂಬರಿ ಇದು. ಸಿಟ್ಟಿನಲ್ಲಿ ವಿದ್ಯಾರ್ಥಿಯೊಬ್ಬನನ್ನು ಹೊಡೆದು ಮೇಷ್ಟರ ಕೆಲಸ ಕಳೆದುಕೊಂಡ ಜ್ಯಾಕ್ ಟೊರೆನ್ಸ್ ಹಿಮದಲ್ಲಿ ಮುಚ್ಚಿಹೋಗುವ ಹೋಟೆಲೊಂದನ್ನು ಚಳಿಗಾಲವಿಡೀ ನೋಡಿಕೊಳ್ಳಲು ಹೆಂಡತಿ ಮತ್ತು ಐದು ವರ್ಷದ ಮಗನೊಂದಿಗೆ ಬರುತ್ತಾನೆ. ನೆಲಮಾಳಿಗೆಯಲ್ಲಿ ಹಳೇ ಬಾಯ್ಲರ್ ಒಂದಿದೆ. ದಿನಾ ಇಳಿದುಹೋಗಿ ಅದರ ಒತ್ತಡ ತಗ್ಗಿಸಬೇಕು, ಮರೆತರೆ ಮುಳ್ಳು ಮೆಲ್ಲಗೆ ಮೇಲೇರುತ್ತದೆ. ಸೀಟಿ ಕೆಟ್ಟ ಕುಕ್ಕರನ್ನು ಒಲೆಯ ಮೇಲಿಟ್ಟು ಪಕ್ಕದ ಕೋಣೆಯಲ್ಲಿ ಕೂತಂಥ ಆತಂಕ ಇಡೀ ಪುಸ್ತಕದಲ್ಲಿದೆ. ಒತ್ತಡ ಏರುತ್ತಿರುವುದು ಬಾಯ್ಲರಿನಲ್ಲೋ ಜ್ಯಾಕ್‌ನ ತಲೆಯಲ್ಲೋ ಅಂತ ಬೇರೆ ಮಾಡಿ ಹೇಳಲಾಗುವುದಿಲ್ಲ.

ಸ್ಟ್ಯಾನ್ಲಿ ಕುಬ್ರಿಕ್‌ನ 1980ರ ಸಿನಿಮಾ ನೋಡಿದ್ದೇನೆ, ಪುಸ್ತಕ ಯಾಕೆ ಅನ್ನಬೇಡ. ಆ ಚಿತ್ರ ಕಿಂಗ್‌ಗೆ ಹಿಡಿಸಲೇ ಇಲ್ಲ. ಸಿನಿಮಾದ ಜ್ಯಾಕ್ ಮೊದಲ ದೃಶ್ಯದಲ್ಲೇ ಅರೆಹುಚ್ಚನಂತೆ ಕಾಣುತ್ತಾನೆ. ಪುಸ್ತಕದ ಜ್ಯಾಕ್ ಮಗನನ್ನು ಜೀವದಂತೆ ಪ್ರೀತಿಸುವ ಅಪ್ಪ. ಹಿಂದೊಮ್ಮೆ ಕುಡಿದ ಸಿಟ್ಟಿನಲ್ಲಿ ಅದೇ ಮಗನ ಕೈ ಮುರಿದವನು, ಆ ನೆನಪಿನಲ್ಲಿ ಬೇಯುತ್ತಿರುವವನು. ಒಳ್ಳೆಯವನಾಗಲು ಹೆಣಗುತ್ತಿರುವ ಮನುಷ್ಯ ಕೈತಪ್ಪಿ ಹೋಗುವುದನ್ನು ನೋಡುವ ಸಂಕಟ ಸಿನಿಮಾದಲ್ಲಿಲ್ಲ.

‘ದಿ ಶೈನಿಂಗ್’ಗಿಂತ ಹಿಂದಿನವು ಎರಡಿವೆ. 1975ರ ‘ಸೇಲಮ್ಸ್ ಲಾಟ್’: ಶಾಲೆಯಲ್ಲಿ ಮಕ್ಕಳಿಗೆ ‘ಡ್ರಾಕುಲಾ’ ಪಾಠ ಮಾಡುತ್ತಿದ್ದ ಕಿಂಗ್, ಅಂಥ ರಕ್ತಪಿಶಾಚಿ ನಮ್ಮ ಕಾಲದ ಸಣ್ಣ ಊರಿಗೆ ಬಂದರೆ ಹೇಗೆ ಅಂತ ಯೋಚಿಸಿ ಬರೆದದ್ದು. ಮೊದಲ ನೂರು ಪುಟ ಊರಿನ ಜನರ ಪರಿಚಯಕ್ಕೇ ಹೋಗುತ್ತದೆ, ತಾಳ್ಮೆ ಬೇಕು. ಇನ್ನೊಂದು ‘ಕ್ಯಾರಿ’. ಇದರ ಮೊದಲ ಪುಟಗಳನ್ನು ಆತ ಕಸದ ಬುಟ್ಟಿಗೆ ಎಸೆದಿದ್ದ. ಹೆಂಡತಿ ಟ್ಯಾಬಿತಾ ಅವನ್ನೆತ್ತಿ, ಓದಿ, ಮುಂದುವರಿಸು ಅಂತ ಹೇಳದಿದ್ದರೆ ಈ ಲೇಖಕನೇ ನಮಗೆ ಸಿಗುತ್ತಿರಲಿಲ್ಲವೇನೋ. ಮೊದಲಿಗೆ ಬಂದ ಮುಂಗಡ 2,500 ಡಾಲರ್. ಪೇಪರ್‌ಬ್ಯಾಕ್ ಹಕ್ಕು 4,00,000 ಡಾಲರಿಗೆ ಮಾರಾಟವಾಗಿ ಅರ್ಧ ಆತನ ಕೈಸೇರಿದ ಮೇಲೆ ಮೇಷ್ಟರ ಕೆಲಸ ಬಿಟ್ಟು ಬರಹಕ್ಕೇ ನಿಂತ. ಪುಸ್ತಕ ಚಿಕ್ಕದು, ಆದರೆ ಕತೆಯ ನಡುನಡುವೆ ಪತ್ರಿಕಾ ವರದಿ, ವಿಚಾರಣಾ ಆಯೋಗದ ಹೇಳಿಕೆ, ಪುಸ್ತಕದ ಆಯ್ದ ಭಾಗ ಅಂತ ತುಣುಕುಗಳು ಬರುತ್ತವೆ. ಆತನ ಮಾತಿನ ಓಟ ನಿನಗೆ ಪರಿಚಯವಾದ ಮೇಲೆ ಅದು ತೊಡಕೆನಿಸುವುದಿಲ್ಲ. ಮೊದಲ ಪುಸ್ತಕ ಅಂತ ಮೊದಲೇ ಓದಬೇಕಾಗಿಲ್ಲ ಅಂದದ್ದು ಇದಕ್ಕೇ.

‘ಪೆಟ್ ಸೆಮೆಟರಿ’ ವಿಷಯದಲ್ಲಿ ಮಾತ್ರ ದೊಡ್ಡವನಾಗಿ ಒಂದು ಮಾತು ಒತ್ತಿ ಹೇಳುತ್ತೇನೆ. ಮೇನ್‌ನ ಆರಿಂಗ್ಟನ್ ಎಂಬಲ್ಲಿ ಕಿಂಗ್ ಕುಟುಂಬ ಬಾಡಿಗೆಗಿದ್ದ ಮನೆಯ ಮುಂದೆಯೇ ಲಾರಿಗಳು ಬಿರುಸಾಗಿ ಓಡುವ ರಸ್ತೆ. ಮಗಳ ಬೆಕ್ಕು ಆ ರಸ್ತೆಯಲ್ಲಿ ಸತ್ತಿತು. ಪುಟ್ಟ ಮಗನೂ ಒಮ್ಮೆ ಅದೇ ರಸ್ತೆಯ ಕಡೆ ಓಡಿದ್ದ. ಆ ದಿನ ಏನೂ ಆಗಲಿಲ್ಲ, ಆಗಿದ್ದರೆ ಅನ್ನುವ ಯೋಚನೆ ಕಾದಂಬರಿಯಾಯಿತು. ಬರೆದು ಮುಗಿಸಿದ ಮೇಲೆ ಇದು ಮಿತಿ ಮೀರಿತು ಅಂತ ಆತನಿಗೇ ಅನ್ನಿಸಿ ಹಸ್ತಪ್ರತಿಯನ್ನು ಎತ್ತಿಟ್ಟಿದ್ದ. ಪ್ರಕಾಶಕರ ಜೊತೆಗಿನ ಒಪ್ಪಂದ ತೀರಿಸಲು 1983ರಲ್ಲಿ ಹೊರಗೆ ತಂದ. ಮನೆಯಲ್ಲಿ ಸಾವಾಗಿ ಹೆಚ್ಚು ದಿನವಾಗಿಲ್ಲದಿದ್ದರೆ, ಕೈಗೂಸು ಇದ್ದರೆ, ಈ ಪುಸ್ತಕ ಓದಬೇಡ, ಓದು ಅಂತ ಬೇರೆಯವರ ಕೈಗೂ ಕೊಡಬೇಡ. ಗಟ್ಟಿ ಮನಸ್ಸಿರುವ ಕಾಲದಲ್ಲಿ ಓದಿದರೆ, ಸತ್ತವರನ್ನು ಬಿಟ್ಟುಕೊಡಲಾಗದ ಪ್ರೀತಿಯ ಬಗ್ಗೆ ಇಷ್ಟು ನಿಷ್ಠುರವಾಗಿ ಬರೆದ ಜನಪ್ರಿಯ ಕಾದಂಬರಿ ಇನ್ನೊಂದು ಸಿಗುವುದು ಕಷ್ಟ.

ಇನ್ನು ದಪ್ಪ ಪುಸ್ತಕಗಳು. ಐದಾರು ಓದಿದ ಮೇಲೆ ‘ಇಟ್’ ಹಿಡಿ. ಡೆರ್ರಿ ಎಂಬ ಊರಿನ ಏಳು ಮಕ್ಕಳು, ಇಪ್ಪತ್ತೇಳು ವರ್ಷಗಳ ನಂತರ ಅವರೇ ದೊಡ್ಡವರಾಗಿ ಮತ್ತೆ ಸೇರುವ ಕತೆ. ಬಾಲ್ಯದ ಗೆಳೆತನವನ್ನು ಅಷ್ಟು ತುಂಬಿಕೊಂಡು ಬರೆದವರು ಕಡಿಮೆ. ಕೊನೆಯ ಭಾಗದಲ್ಲಿ ಆ ಮಕ್ಕಳ ನಡುವೆ ಬರುವ ಒಂದು ಪ್ರಸಂಗವನ್ನು ಅನೇಕರು ಇಂದಿಗೂ ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ, ಅದು ಅಲ್ಲಿರಬಾರದಿತ್ತು. ‘ದಿ ಸ್ಟ್ಯಾಂಡ್’ ಸಾಂಕ್ರಾಮಿಕ ಜ್ವರದಲ್ಲಿ ಹೆಚ್ಚುಕಡಿಮೆ ಇಡೀ ಜಗತ್ತೇ ಸತ್ತುಹೋದ ಮೇಲಿನ ಕತೆ. 1978ರಲ್ಲಿ ಕತ್ತರಿಸಿದ ರೂಪ ಬಂತು, 1990ರಲ್ಲಿ ತೆಗೆದಿದ್ದ ಭಾಗಗಳನ್ನು ಸೇರಿಸಿದ ಪೂರ್ಣರೂಪ ಬಂತು. ಅಂಗಡಿಯಲ್ಲಿ ಈಗ ಸಾಮಾನ್ಯವಾಗಿ ಸಿಗುವುದು ಪೂರ್ಣರೂಪವೇ. ‘ದಿ ಡಾರ್ಕ್ ಟವರ್’ ಮಾಲೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೋ. 1982ರಿಂದ 2004ರವರೆಗೆ ಬಂದ ಏಳು ಸಂಪುಟ, 2012ರಲ್ಲಿ ಇನ್ನೊಂದು. ಬೇರೆ ಕಾದಂಬರಿಗಳ ಜನ, ಜಾಗಗಳು ಅಲ್ಲಿ ಬಂದು ಸೇರುತ್ತವೆ. ಆ ಪುಸ್ತಕಗಳ ಪರಿಚಯವಿಲ್ಲದವರಿಗೆ ಅದರ ಅರ್ಧ ರುಚಿ ದಕ್ಕುವುದಿಲ್ಲ.

ಪುಟ ಹೆಚ್ಚಿದ್ದರೂ ಓದಿಸಿಕೊಂಡು ಹೋಗುವುದು ಬೇಕಾದರೆ ‘ದಿ ಗ್ರೀನ್ ಮೈಲ್’ ಇದೆ. 1996ರಲ್ಲಿ ತಿಂಗಳಿಗೊಂದರಂತೆ ಆರು ಪುಟ್ಟ ಪುಸ್ತಕಗಳಾಗಿ ಬಂದದ್ದು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಕೂರುತ್ತಿದ್ದ ನಮ್ಮ ತಲೆಮಾರಿನವರಿಗೆ ಆ ಕಟ್ಟುವಿಕೆ ತಕ್ಷಣ ಗೊತ್ತಾಗುತ್ತದೆ, ಪ್ರತಿ ಭಾಗವೂ ಮುಂದಿನದಕ್ಕೆ ಎಳೆದುಕೊಂಡು ಹೋಗುತ್ತದೆ. ಸಣ್ಣದು ಬೇಕಾದರೆ ‘ದಿ ಲಾಂಗ್ ವಾಕ್’. ನೂರು ಹುಡುಗರು ನಿಲ್ಲದೆ ನಡೆಯುವ ಸ್ಪರ್ಧೆ, ಹಿಂದೆ ಬಿದ್ದವನಿಗೆ ಗುಂಡು, ಉಳಿಯುವವನು ಒಬ್ಬನೇ. ಇದು ರಿಚರ್ಡ್ ಬ್ಯಾಕ್‌ಮನ್ ಎಂಬ ಹೆಸರಿನಲ್ಲಿ 1979ರಲ್ಲಿ ಬಂತು. ಆ ಹೆಸರಿನ ಹಿಂದಿರುವವನು ಕಿಂಗ್ ಅಂತ ಬಯಲಾದದ್ದು 1985ರಲ್ಲಿ. ಅದೇ ಹೆಸರಿನಲ್ಲಿ ಬಂದಿದ್ದ ‘ರೇಜ್’ ಎಂಬ ಕಾದಂಬರಿ, ಶಾಲೆಯಲ್ಲಿ ಬಂದೂಕು ಹಿಡಿದ ಹುಡುಗನದು. ಅಮೆರಿಕದ ಶಾಲೆಗಳಲ್ಲಿ ಅಂಥದೇ ಗುಂಡಿನ ದಾಳಿಗಳು ನಡೆದಾಗ ಅದನ್ನು ಇನ್ನು ಅಚ್ಚು ಮಾಡಬೇಡಿ ಅಂತ ತಾನೇ ನಿಲ್ಲಿಸಿದ. ಆ ನಿರ್ಧಾರಕ್ಕಾಗಿ ನನಗೆ ಆತನ ಮೇಲೆ ಗೌರವ ಹೆಚ್ಚು.

ಕ್ರಮ ತಪ್ಪಿಸಬಾರದ ಪುಸ್ತಕಗಳೂ ಇವೆ. ‘ಡಾಕ್ಟರ್ ಸ್ಲೀಪ್’ ಓದುವ ಮುಂಚೆ ‘ದಿ ಶೈನಿಂಗ್’ ಓದಿರಬೇಕು, ಆ ಪುಟ್ಟ ಮಗ ದೊಡ್ಡವನಾದ ಕತೆ ಅದು. ‘ದಿ ಔಟ್‌ಸೈಡರ್’ ಓದುವ ಮುಂಚೆ ‘ಮಿಸ್ಟರ್ ಮರ್ಸಿಡಿಸ್’ನಿಂದ ಶುರುವಾಗುವ ಮೂರು ಕಾದಂಬರಿಗಳನ್ನು ಮುಗಿಸು, ಇಲ್ಲದಿದ್ದರೆ ಅವುಗಳ ಕೊನೆ ಇಲ್ಲೇ ಗೊತ್ತಾಗಿಬಿಡುತ್ತದೆ.

ಇಂಗ್ಲಿಷಿಗೆ ಹೆದರಬೇಡ. ಕಿಂಗ್‌ನದು ಬೀದಿಯ ಮಾತು, ಪಂಡಿತರ ಭಾಷೆಯಲ್ಲ. ಸಾಬೂನು, ಬಿಯರು, ಕಾರುಗಳ ಅಮೆರಿಕನ್ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಒಂದೊಂದಕ್ಕೂ ನಿಘಂಟು ತೆಗೆಯಬೇಡ, ಓದುತ್ತಾ ಹೋಗು, ಹತ್ತು ಪುಟದಲ್ಲಿ ತಾನಾಗಿ ಒಗ್ಗುತ್ತದೆ. ಹೊಸ ಪ್ರತಿಗೆ ದುಡ್ಡು ಸುರಿಯುವ ಮೊದಲು ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕಗಳ ಕಪಾಟುಗಳನ್ನು ನೋಡು, ಅಲ್ಲಿ ಕಿಂಗ್‌ನ ಪೇಪರ್‌ಬ್ಯಾಕ್‌ಗಳಿಗೆ ಬರವಿಲ್ಲ. ಬರೆಯುವ ಆಸೆ ನಿನಗಿದೆಯಲ್ಲ, ಹಾಗಾಗಿ 2000ದಲ್ಲಿ ಬಂದ ‘ಆನ್ ರೈಟಿಂಗ್’ ಸಿಕ್ಕರೆ ಬಿಡಬೇಡ. ಹುಡುಗನಾಗಿದ್ದಾಗ ಪತ್ರಿಕೆಗಳಿಂದ ಬಂದ ತಿರಸ್ಕಾರದ ಚೀಟಿಗಳನ್ನೆಲ್ಲ ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದನಂತೆ. ಚೀಟಿಗಳ ಭಾರ ಆ ಮೊಳೆಗೆ ಹೆಚ್ಚಾದಾಗ ಇನ್ನೂ ದೊಡ್ಡ ಮೊಳೆ ಹೊಡೆದು ಬರೆಯುವುದನ್ನು ಮುಂದುವರಿಸಿದ. ಬರೆಯುವವರು ಕಲಿಯಬೇಕಾದ ಮೊದಲ ಪಾಠ ಅದೇ.

ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಲು ಸಂಕೋಚ ಬೇಡ. ಇಷ್ಟು ಬರೆದವನಲ್ಲಿ ಜೊಳ್ಳೂ ಇರುತ್ತದೆ. ‘ದಿ ಟಾಮಿನಾಕರ್ಸ್’ ಕೆಟ್ಟ ಪುಸ್ತಕ ಅಂತ ಆತನೇ ಒಪ್ಪಿಕೊಂಡಿದ್ದಾನೆ. ಒಂದು ಪುಸ್ತಕ ಬಿಟ್ಟ ಮಾತ್ರಕ್ಕೆ ಲೇಖಕನನ್ನೇ ಬಿಟ್ಟುಬಿಡಬೇಡ, ಇಷ್ಟೇ ನನ್ನ ಕೋರಿಕೆ.

ಹಾಗಾದರೆ ಮೊದಲು ‘ನೈಟ್ ಶಿಫ್ಟ್’, ಆಮೇಲೆ ‘ಮಿಸರಿ’, ಆಮೇಲೆ ‘ಡಿಫರೆಂಟ್ ಸೀಸನ್ಸ್’, ನಾಲ್ಕನೆಯದು ‘ದಿ ಶೈನಿಂಗ್’. ಈ ನಾಲ್ಕು ಮುಗಿಯುವ ಹೊತ್ತಿಗೆ ನಿನಗೆ ಯಾವ ಕಿಂಗ್ ಬೇಕು ಅನ್ನುವುದು ನಿನಗೇ ತಿಳಿದಿರುತ್ತದೆ, ಐದನೆಯದನ್ನು ನನ್ನನ್ನು ಕೇಳದೆ ನೀನೇ ಆರಿಸಿಕೋ. ಈ ಶನಿವಾರವೇ ಹೋಗಿ ‘ನೈಟ್ ಶಿಫ್ಟ್’ ತಂದು, ಆ ಅಣ್ಣ-ತಂಗಿಯ ಕತೆಯನ್ನು ತಪ್ಪದೆ ಓದು.

ನಿನ್ನ ದೊಡ್ಡಪ್ಪ